ಸಂತೆಯ ಕೈಸನ್ನೆಯಿಂದ ಕಂಪ್ಯೂಟರ್ ಹರಾಜಿನವರೆಗೆ: ಉತ್ತರ ಬೆಂಗಳೂರು ಹೇಳುವ ಇ-ವಾಣಿಜ್ಯದ ಚರಿತ್ರೆ



‘ಇ-ವಾಣಿಜ್ಯ’ ಎಂಬ ಮಾತು ಕೇಳಿದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಬೈಕಿನಲ್ಲಿ ಮನೆ ಬಾಗಿಲಿಗೆ ಬರುವ ಯುವಕ, ಕೈಯಲ್ಲಿ ಮೊಬೈಲು, ರಟ್ಟಿನ ಪೆಟ್ಟಿಗೆ. ಆದರೆ ಇದು ಆ ವ್ಯಾಪಾರದ ಒಂದು ತುದಿ ಮಾತ್ರ. ಸರಕಿನ ಬೆಲೆ ನಿಗದಿಯಾಗುವುದು, ಕೊಳ್ಳುವವನು ಮತ್ತು ಮಾರುವವನು ಒಬ್ಬರನ್ನೊಬ್ಬರು ಹುಡುಕಿಕೊಳ್ಳುವುದು, ಹಣ ಕೈಯಿಂದ ಕೈಗೆ ಸೇರುವುದು, ಲೆಕ್ಕ ಉಳಿಯುವುದು ಇವೆಲ್ಲವೂ ಕಂಪ್ಯೂಟರ್ ಮತ್ತು ದೂರಸಂಪರ್ಕ ಜಾಲದ ಮೂಲಕ ನಡೆದರೆ ಅದೇ ಇ-ವಾಣಿಜ್ಯ. ಈ ಅರ್ಥದಲ್ಲಿ ನೋಡಿದರೆ ತರಕಾರಿ ಗಾಡಿಯವರೂ, ರೇಷ್ಮೆ ಗೂಡು ಕೊಳ್ಳುವ ರೀಲರುಗಳೂ, ದೇವನಹಳ್ಳಿಯ ಗುಲಾಬಿ ಬೆಳೆಗಾರರೂ ಇದರೊಳಗೆ ಬಂದಾಗಿದೆ.

ಅಭಿವೃದ್ಧಿಶೀಲ ರಾಷ್ಟ್ರಗಳಲ್ಲಿ ಇಂತಹ ವ್ಯಾಪಾರ ಒಂದು ಕಡೆ ಬೇಗ ಬೇರೂರುತ್ತದೆ, ಇನ್ನೊಂದು ಕಡೆ ಸರ್ಕಾರ ಎಷ್ಟು ಹಣ ಸುರಿದರೂ ಒಣಗಿಹೋಗುತ್ತದೆ. ಏಕೆ? ವಾಣಿಜ್ಯ ವಿದ್ಯಾರ್ಥಿಗಳ ಪಠ್ಯಪುಸ್ತಕದಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ: ವಿದ್ಯುತ್ತು, ದೂರವಾಣಿ, ಬ್ಯಾಂಕು, ಕಾನೂನು, ಅಕ್ಷರಜ್ಞಾನ. ಈ ಪಟ್ಟಿ ತಪ್ಪಲ್ಲ. ಆದರೆ ಯಲಹಂಕವನ್ನು ನಡುವೆ ಇಟ್ಟುಕೊಂಡು ಸುತ್ತಲಿನ ಯಶವಂತಪುರ, ಹೆಬ್ಬಾಳ, ವಿಜಯಪುರ, ಶಿಡ್ಲಘಟ್ಟಗಳ ವ್ಯಾಪಾರದ ಚರಿತ್ರೆಯನ್ನು ಓದಿದರೆ ಪಟ್ಟಿಯಲ್ಲಿ ಕಾಣದ ಒಂದು ಸಂಗತಿ ಎದ್ದು ಕಾಣುತ್ತದೆ. ಯಂತ್ರ ಬರುವ ಮೊದಲೇ ತೂಕ, ಗುಣಮಟ್ಟ ಮತ್ತು ಹಣ ಪಾವತಿ ಈ ಮೂರಕ್ಕೂ ಜನ ನಂಬುವ ಏರ್ಪಾಡು ಇದ್ದ ಕಡೆ ಯಂತ್ರ ನಿಂತಿತು. ಇಲ್ಲದ ಕಡೆ ಸೋತಿತು. ಆ ಏರ್ಪಾಡಿನಲ್ಲಿ ಸಣ್ಣ ಬಂಡವಾಳದವನಿಗೆ ಸ್ಥಳವಿದೆಯೇ ಎಂಬುದು ಅದರ ಜೊತೆಗೇ ಬರುವ ಪ್ರಶ್ನೆ. ಈ ಲೇಖನದ ಉದ್ದೇಶ ಅದನ್ನು ನಿಮ್ಮ ಮುಂದಿಡುವುದು.

ಹಳೆಯ ಪೇಟೆ, ಹಳೆಯ ನಂಬಿಕೆ

ಯಲಹಂಕ ನಾಡಪ್ರಭುಗಳ ನೆಲೆ. ಇಲ್ಲಿಂದ ಹೊರಟ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಮತ್ತು ಪೇಟೆಯನ್ನು ಕಟ್ಟಿದರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ ಎಂದು ಸರಕಿಗೊಂದು ಬೀದಿ ಇದ್ದುದನ್ನು ನಾವು ಚರಿತ್ರೆಯ ಒಂದು ಅಲಂಕಾರವೆಂಬಂತೆ ಓದಿ ಬಿಡುತ್ತೇವೆ. ಅದರ ಹಿಂದೆ ವ್ಯಾಪಾರದ ಒಂದು ಲೆಕ್ಕಾಚಾರವಿದೆ. ಒಂದೇ ಸರಕಿನ ಹತ್ತು ಅಂಗಡಿ ಒಂದೇ ಬೀದಿಯಲ್ಲಿದ್ದರೆ ಗಿರಾಕಿ ನೂರು ಹೆಜ್ಜೆ ನಡೆದು ಹತ್ತು ಬೆಲೆ ತಿಳಿದುಕೊಳ್ಳುತ್ತಾನೆ. ಇಂದು ಮೊಬೈಲ್ ಪರದೆಯ ಮೇಲೆ ನಾವು ಮಾಡುವ ಬೆಲೆ ಹೋಲಿಕೆಯನ್ನು ಅಂದು ಕಾಲು ಮಾಡುತ್ತಿತ್ತು.

ಇದಕ್ಕೆ ವಿರುದ್ಧವಾದ ಪದ್ಧತಿಯೂ ನಮ್ಮಲ್ಲೇ ಇತ್ತು. ದನದ ಜಾತ್ರೆಗಳಲ್ಲಿ ವಲ್ಲಿಯ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವುದನ್ನು ಹಿರಿಯರು ಬಲ್ಲರು. ಅಲ್ಲಿ ಬೆಲೆ ತಿಳಿಯುವುದು ಇಬ್ಬರಿಗೆ ಮಾತ್ರ. ಪಕ್ಕದಲ್ಲೇ ನಿಂತ ಮೂರನೆಯವನಿಗೆ ತಿಳಿಯದು. ಬೆಲೆ ಗುಟ್ಟಾಗಿದ್ದಷ್ಟೂ ದಲ್ಲಾಳಿಗೆ ಬಲ. ಆದರೆ ದಲ್ಲಾಳಿಯನ್ನು ಖಳನಾಯಕನೆಂದು ತೀರ್ಮಾನಿಸುವ ಮುನ್ನ ಒಂದು ಮಾತು ನೆನಪಿಡಬೇಕು. ಬಿತ್ತನೆ ಕಾಲಕ್ಕೆ ಮುಂಗಡ ಕೊಡುತ್ತಿದ್ದವನು, ಮಗಳ ಮದುವೆಗೆ ಸಾಲ ಕೊಡುತ್ತಿದ್ದವನು, ಪೇಟೆಗೆ ಬಂದ ರೈತನಿಗೆ ರಾತ್ರಿ ಮಲಗಲು ಜಾಗ ಕೊಡುತ್ತಿದ್ದವನು ಅವನೇ. ಆದ್ದರಿಂದ ಅವನನ್ನು ಕಿತ್ತುಹಾಕುವ ಯಾವುದೇ ಯಂತ್ರ ಈ ಕೆಲಸಗಳನ್ನೂ ವಹಿಸಿಕೊಳ್ಳಬೇಕಾಗುತ್ತದೆ.

ದೂರದ ಊರಿಗೆ ಹಣ ಕಳಿಸಲು ಹುಂಡಿ ಇತ್ತು. 1880ರಲ್ಲಿ ಅಂಚೆ ಇಲಾಖೆಯ ಮನಿಯಾರ್ಡರ್ ಬಂತು. ಅದರ ಜೊತೆಯದೇ ಆದ ವಿ.ಪಿ.ಪಿ. ಪದ್ಧತಿಯಲ್ಲಿ ಪೋಸ್ಟ್‌ಮ್ಯಾನ್ ಪಾರ್ಸೆಲ್ ತರುತ್ತಿದ್ದ. ನಾವು ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದೆವು. ಕನ್ನಡದ ಎಷ್ಟೋ ಪುಸ್ತಕಗಳು, ಪಂಚಾಂಗಗಳು, ಔಷಧಿಗಳು ಹೀಗೆ ಹಳ್ಳಿ ಸೇರಿದವು. ಮಾರುವವನ ಮುಖ ನೋಡದವರು ಪೋಸ್ಟ್‌ಮ್ಯಾನ್‌ನನ್ನು ನಂಬಿ ಕೊಂಡರು. ವಿ.ಪಿ.ಪಿ.ಯನ್ನು ನೆನಪಿನಲ್ಲಿಡಿ, ಮುಂದೆ ಅದು ಹೊಸ ವೇಷದಲ್ಲಿ ಬರಲಿದೆ.

ತಂತಿ ಬಂತು, ಗಿರಾಕಿ ಬರಲಿಲ್ಲ

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು ಉಪಗ್ರಹ ಸಂಪರ್ಕದ ಮೂಲಕ ಹೊರದೇಶಕ್ಕೆ ಕೆಲಸ ಕಳುಹಿಸತೊಡಗಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಜಾರಿಗೆ ಬಂತು. ಸಾಮಾನ್ಯರಿಗೆ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಪೂರ್ಣ ಪ್ರಮಾಣದ ಸಂಪರ್ಕಕ್ಕೆ 250 ಗಂಟೆಗಳಿಗೆ 15,000 ರೂಪಾಯಿ ಶುಲ್ಕ. ಅಂದಿನ ಒಬ್ಬ ಗುಮಾಸ್ತನ ಹಲವು ತಿಂಗಳ ಸಂಬಳ ಅದು.

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗ 1996ರಲ್ಲಿ ಇ-ವಾಣಿಜ್ಯಕ್ಕೆ ಮಾದರಿ ಕಾನೂನು ರೂಪಿಸಿತು. ಅದನ್ನು ಆಧರಿಸಿ ಭಾರತ ಮಾಹಿತಿ ತಂತ್ರಜ್ಞಾನ ಕಾಯ್ದೆ ಮಾಡಿತು; ಅದು 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. ಹೀಗೆ ಹೊಸ ಶತಮಾನ ಆರಂಭವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಎಂಜಿನಿಯರುಗಳಿದ್ದರು, ಕಂಪ್ಯೂಟರುಗಳಿದ್ದವು, ಜಾಲವಿತ್ತು, ಕಾನೂನೂ ಇತ್ತು. ಪಠ್ಯಪುಸ್ತಕದ ಪಟ್ಟಿಯ ಪ್ರಕಾರ ಇಲ್ಲಿ ಇ-ವಾಣಿಜ್ಯ ಕೂಡಲೇ ಗೆಲ್ಲಬೇಕಿತ್ತು.

ಗೆಲ್ಲಲಿಲ್ಲ. 1999ರಲ್ಲಿ ಇದೇ ನಗರದಲ್ಲಿ ಆರಂಭವಾದ ಫ್ಯಾಬ್‌ಮಾರ್ಟ್ ದೇಶದ ಮೊದಲ ಆನ್‌ಲೈನ್ ಅಂಗಡಿಗಳಲ್ಲಿ ಒಂದು. ಸಂಗೀತದ ಕ್ಯಾಸೆಟ್ಟು, ಸಿ.ಡಿ.ಗಳಿಂದ ಶುರುಮಾಡಿ ಪುಸ್ತಕ, ದಿನಸಿಗಳಿಗೂ ಅದು ಕೈಹಾಕಿತು. ಮನೆಯಲ್ಲಿ ಅಂತರಜಾಲ ಇದ್ದವರೇ ಕಡಿಮೆ. ಇದ್ದವರಲ್ಲೂ ಕ್ರೆಡಿಟ್ ಕಾರ್ಡ್ ಇದ್ದವರು ಇನ್ನೂ ಕಡಿಮೆ. ಕಾರ್ಡ್ ಇದ್ದವರಿಗೂ ಅದರ ಸಂಖ್ಯೆಯನ್ನು ಗುರುತಿಲ್ಲದ ಅಂಗಡಿಗೆ ಕೊಡಲು ಅಂಜಿಕೆ. ಇಂಡಿಯಾಪ್ಲಾಜಾ ಎಂಬ ಹೆಸರಿನಲ್ಲಿ ಮುಂದುವರಿದ ಆ ಅಂಗಡಿ 2013ರಲ್ಲಿ ಮುಚ್ಚಿತು. ಅದನ್ನು ಕಟ್ಟಿದವರಲ್ಲಿ ಕೆಲವರು ಸೋಲಿನಿಂದ ಕಲಿತು ಫ್ಯಾಬ್‌ಮಾಲ್ ಎಂಬ ಕಣ್ಣಿಗೆ ಕಾಣುವ ದಿನಸಿ ಅಂಗಡಿಗಳನ್ನು ನಡೆಸಿ, ಆಮೇಲೆ 2011ರಲ್ಲಿ ಬಿಗ್‌ಬ್ಯಾಸ್ಕೆಟ್ ಸಂಸ್ಥೆಯನ್ನು ಆರಂಭಿಸಿದರು.

2007ರಲ್ಲಿ ಕೋರಮಂಗಲದಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಆರಂಭಿಸಿದ ಫ್ಲಿಪ್‌ಕಾರ್ಟ್ ಮಾತ್ರ ಬೆಳೆಯಿತು. ಕಾರಣಗಳನ್ನು ನೋಡಿ. ಅವರು ಮೊದಲು ಮಾರಿದ್ದು ಪುಸ್ತಕ. ಪುಸ್ತಕವನ್ನು ಯಾವ ಅಂಗಡಿಯಲ್ಲಿ ಕೊಂಡರೂ ಅದೇ ಪುಸ್ತಕ. ಮುಟ್ಟಿ, ಮೂಸಿ ನೋಡಬೇಕಾಗಿಲ್ಲ. ಗುಣಮಟ್ಟದ ಪ್ರಶ್ನೆ ಹೀಗೆ ತೀರಿತು. 2010ರಲ್ಲಿ ಅವರು ‘ಸರಕು ಕೈಸೇರಿದ ಮೇಲೆ ಹಣ ಕೊಡಿ’ ಎಂದರು. ಹಳೆಯ ವಿ.ಪಿ.ಪಿ. ಬೈಕಿನ ಮೇಲೆ ಮರಳಿ ಬಂದಿತ್ತು! ಪಾವತಿಯ ಪ್ರಶ್ನೆಯೂ ತೀರಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅಂಚೆಯಣ್ಣ ರೂಢಿ ಮಾಡಿಸಿದ್ದ ನಂಬಿಕೆಯ ಮೇಲೆ ಹೊಸ ವ್ಯಾಪಾರ ನಿಂತಿತು.

ಯಶವಂತಪುರದ ಯಾರ್ಡು ಮತ್ತು ರಾಜ್ಯದ ಏಕೀಕೃತ ಮಾರುಕಟ್ಟೆ

ಮನೆ ಬಾಗಿಲಿನ ವ್ಯಾಪಾರ ಒಂದು ಬಗೆಯದಾದರೆ, ಸಗಟು ಮಾರುಕಟ್ಟೆಯದು ಇನ್ನೊಂದು ಬಗೆ. ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆ ಯಾರ್ಡು ನಮಗೆಲ್ಲ ಪರಿಚಿತ. ನಮ್ಮ ರಾಜ್ಯದ ಎ.ಪಿ.ಎಂ.ಸಿ.ಗಳಿಗೆ ಆಧಾರವಾದದ್ದು 1966ರ ಕೃಷಿ ಉತ್ಪನ್ನ ಮಾರುಕಟ್ಟೆ ನಿಯಂತ್ರಣ ಕಾಯ್ದೆ. ಲೈಸೆನ್ಸ್, ಸರಿಯಾದ ತೂಕ, ಬಹಿರಂಗ ಹರಾಜು ಅಥವಾ ಟೆಂಡರ್, ಲೆಕ್ಕದ ಚೀಟಿ ಇವೆಲ್ಲ ಆ ಕಾಯ್ದೆ ತಂದ ಶಿಸ್ತು. ಅನೇಕ ಮಾರುಕಟ್ಟೆಗಳಲ್ಲಿ ವರ್ತಕರು ರಾಶಿ ನೋಡಿ ಚೀಟಿಯಲ್ಲಿ ಬೆಲೆ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದರು. ಸಿಬ್ಬಂದಿ ಚೀಟಿಗಳನ್ನು ಬಿಡಿಸಿ ಹೆಚ್ಚು ಬರೆದವನ ಹೆಸರು ಕೂಗುತ್ತಿದ್ದರು. ಚೀಟಿಯ ಬದಲು ಕಂಪ್ಯೂಟರ್ ಬಂದಾಗ ಅದನ್ನೇ ಇ-ಟೆಂಡರ್ ಎಂದರು. ಪದ್ಧತಿ ಹಳೆಯದು, ಪೆಟ್ಟಿಗೆ ಮಾತ್ರ ಹೊಸದು. ಆದ್ದರಿಂದಲೇ ಅದು ಜನಕ್ಕೆ ಅರ್ಥವಾಯಿತು.

2014ರಲ್ಲಿ ಕರ್ನಾಟಕ ಸರ್ಕಾರ ಮತ್ತು ಎನ್.ಸಿ.ಡಿ.ಇ.ಎಕ್ಸ್. ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಸೇರಿ ‘ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್’ ಎಂಬ ಸಂಸ್ಥೆ ಸ್ಥಾಪಿಸಿದವು. ರಾಜ್ಯದ ಬೇರೆ ಬೇರೆ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ತರುವ ಏಕೀಕೃತ ಮಾರುಕಟ್ಟೆ ವೇದಿಕೆ ಅದೇ ವರ್ಷ ಕೆಲಸ ಆರಂಭಿಸಿತು. ಒಂದೇ ಲೈಸೆನ್ಸಿನಿಂದ ಹಲವು ಮಾರುಕಟ್ಟೆಗಳಲ್ಲಿ ಕೊಳ್ಳುವ ಅವಕಾಶ ಬಂತು. ಕೇಂದ್ರ ಸರ್ಕಾರದ ‘ಇ-ನಾಮ್’ ಶುರುವಾದದ್ದು ಇದಾದ ಎರಡು ವರ್ಷಗಳ ಮೇಲೆ, 2016ರ ಏಪ್ರಿಲ್ 14ರಂದು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೆ ದಾರಿ ತೋರಿಸಿತೆಂಬುದು ಹೆಮ್ಮೆಯ ಸಂಗತಿ.

ಫಲ ಏನಾಯಿತು? 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವೇದಿಕೆಯಿಂದ ಭತ್ತದ ಬೆಲೆ ಸರಾಸರಿ ಶೇ. 5.1, ಕಡಲೆಕಾಯಿಯದು ಶೇ. 3.6, ಮುಸುಕಿನ ಜೋಳದ್ದು ಶೇ. 3.5ರಷ್ಟು ಏರಿತೆಂದು ಲೆಕ್ಕ ಹಾಕಿತು. ಎಲ್ಲ ಬೆಳೆಗಳಿಗೂ ಇದೇ ಫಲ ದೊರೆಯಲಿಲ್ಲ. ಸಾಗಣೆಯ ತೊಡಕು, ಬೆಲೆ ನಮೂದಿಸುವ ಕ್ರಮ ಎಷ್ಟು ಸಲೀಸು ಎಂಬುದು, ಒಂದು ಮಾರುಕಟ್ಟೆಯಲ್ಲಿ ಕೆಲವೇ ವರ್ತಕರ ಹಿಡಿತ, ಬೆಲೆ ನಿಷ್ಕರ್ಷೆಯಾಗುವ ವಿಧಾನ ಇವುಗಳಿಂದ ವ್ಯತ್ಯಾಸವಾಯಿತೆಂದು ಅಧ್ಯಯನಕಾರರು ಗುರುತಿಸಿದ್ದಾರೆ.

ಇದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಹುಬ್ಬಳ್ಳಿಯಲ್ಲಿ ಕುಳಿತ ವರ್ತಕ ತುಮಕೂರಿನ ರಾಶಿಗೆ ಬೆಲೆ ಹೇಳಬೇಕಾದರೆ ಆ ಧಾನ್ಯದ ತೇವ, ಕಸ, ಕಾಳಿನ ದಪ್ಪ ಇವನ್ನು ಯಾರೋ ಅಳೆದು ಜವಾಬ್ದಾರಿಯಿಂದ ಬರೆದಿರಬೇಕು. ಆ ಬರಹವನ್ನು ಅವನು ನಂಬಬೇಕು. ಅದಿಲ್ಲದಿದ್ದರೆ ಪರದೆ ಎಷ್ಟೇ ದೊಡ್ಡದಿರಲಿ, ರಾಶಿಯ ಬಳಿ ಬಂದು ಮುಷ್ಟಿಯಲ್ಲಿ ಕಾಳು ಹಿಡಿದು ನೋಡಿದವನೇ ಕೊಳ್ಳುತ್ತಾನೆ. ಇನ್ನೊಂದು ಮಾತು: ಮಂಡಿಯವರಿಂದ ಮುಂಗಡ ಪಡೆದ ರೈತ ಅದೇ ಮಂಡಿಗೆ ಸರಕು ಹಾಕುತ್ತಾನೆ. ಸಾಲದ ಹಗ್ಗವನ್ನು ಕಂಪ್ಯೂಟರ್ ಬಿಚ್ಚಲಾರದು.

ಹೆಬ್ಬಾಳದ ಗಡಿಯಾರ

ಯಶವಂತಪುರದಿಂದ ಬಳ್ಳಾರಿ ರಸ್ತೆಗೆ ಬಂದರೆ ಹೆಬ್ಬಾಳದಲ್ಲಿ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರವಿದೆ. ಇಲ್ಲಿನ ಪದ್ಧತಿ ಹಾಲೆಂಡಿನದು. ಸಾಮಾನ್ಯ ಹರಾಜಿನಲ್ಲಿ ಬೆಲೆ ಕೆಳಗಿನಿಂದ ಮೇಲೇರುತ್ತದೆ; ಇಲ್ಲಿ ಎಲೆಕ್ಟ್ರಾನಿಕ್ ಗಡಿಯಾರದ ಮೇಲೆ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ. ಯಾರು ಮೊದಲು ಗುಂಡಿ ಒತ್ತುತ್ತಾರೋ ಅವರಿಗೆ ಹೂವು. ಕಾದರೆ ಅಗ್ಗವಾಗಬಹುದು, ಆದರೆ ಬೇರೊಬ್ಬರ ಪಾಲಾಗಬಹುದು. ಹೂವು ಬಾಡುವ ಸರಕಾದ್ದರಿಂದ ಗಂಟೆಗಟ್ಟಲೆ ಚೌಕಾಶಿಗೆ ಸಮಯವಿಲ್ಲ. ಕ್ಷಣಗಳಲ್ಲಿ ಒಂದೊಂದು ಲಾಟು ಮುಗಿಯಬೇಕು. ಈ ಅಗತ್ಯವೇ ಯಂತ್ರಕ್ಕೆ ದಾರಿ ಮಾಡಿತು.

ದೇವನಹಳ್ಳಿ, ದೊಡ್ಡಬಳ್ಳಾಪುರ ಸುತ್ತಲಿನ ಹಸಿರುಮನೆಗಳ ಗುಲಾಬಿಯನ್ನು ಕಾಂಡದ ಉದ್ದದ ಮೇಲೆ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಅಳತೆಗೆ ಸಿಕ್ಕ ಹೂವು ಗಡಿಯಾರಕ್ಕೆ ಒಗ್ಗಿತು. ಕೆ.ಆರ್. ಮಾರುಕಟ್ಟೆಯ ಕನಕಾಂಬರ, ಸೇವಂತಿಗೆ, ಮಲ್ಲಿಗೆ ಇಂದಿಗೂ ಹೆಚ್ಚಾಗಿ ಕೂಗು ಮತ್ತು ಕೈಲೆಕ್ಕದಲ್ಲೇ ಮಾರಾಟವಾಗುತ್ತವೆ. ಒಂದೇ ನಗರ, ಎರಡೂ ಹೂವೇ. ಒಂದನ್ನು ಮಾರುಕಟ್ಟೆಗೆ ಬರುವ ಮೊದಲೇ ಅಳೆದು ದರ್ಜೆ ಮಾಡಿರುತ್ತಾರೆ, ಇನ್ನೊಂದನ್ನು ಹಾಗೆ ಮಾಡಿರುವುದಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಗೂಡಿನ ಮಾರುಕಟ್ಟೆ: ನಮಗೆ ಹತ್ತಿರದ ಪಾಠ

ಓದುಗರೇ, ಈಗ ಯಲಹಂಕದಿಂದ ರೈಲಿನ ದಾರಿ ಹಿಡಿದು ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಮೂಲಕ ಶಿಡ್ಲಘಟ್ಟಕ್ಕೆ ಹೋಗೋಣ. ಈ ಸೀಮೆಯ ರೇಷ್ಮೆಯ ಕಥೆ ಹದಿನೆಂಟನೆಯ ಶತಮಾನದ ಕೊನೆಗೆ ಹೋಗುತ್ತದೆ. ಟಿಪ್ಪು ಸುಲ್ತಾನ್ ಬಂಗಾಳದಿಂದ ರೇಷ್ಮೆ ಹುಳು ತರಿಸಿ, ಹಿಪ್ಪುನೇರಳೆ ನೆಡಿಸಿ ಮೈಸೂರು ಸಂಸ್ಥಾನದಲ್ಲಿ ಈ ಕಸುಬಿಗೆ ಅಡಿಪಾಯ ಹಾಕಿದನು. ದೂರದ ಮಸ್ಕತ್‌ನಲ್ಲಿ ಸರ್ಕಾರಿ ವ್ಯಾಪಾರದ ಕೋಠಿ ಇಟ್ಟಿದ್ದ ದೊರೆ ಅವನು. ಪರದೇಶದ ಬೆಲೆ ತಿಳಿದವನೇ ವ್ಯಾಪಾರ ಗೆಲ್ಲುತ್ತಾನೆಂಬುದನ್ನು ಬಲ್ಲವನಾಗಿದ್ದನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆಮ್ಶೆಟ್‌ಜಿ ಟಾಟಾ ಜಪಾನಿನ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ನಡೆಸಿದರು. 1912ರಲ್ಲಿ ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಬಂತು.

ಗೂಡು ಬೆಳೆಯುವವರು ಎಲ್ಲ ಜಾತಿ ಮತಗಳ ರೈತರು. ಗೂಡನ್ನು ಬಿಸಿ ನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ರೀಲರುಗಳಲ್ಲಿ ಶಿಡ್ಲಘಟ್ಟ, ವಿಜಯಪುರ, ರಾಮನಗರಗಳಲ್ಲಿ ದೊಡ್ಡ ಪಾಲು ಮುಸ್ಲಿಂ ಕುಟುಂಬಗಳು. ಹೀಗೆ ರೈತನ ಹಟ್ಟಿಗೂ ರೀಲರನ ಚರಕಕ್ಕೂ ನಡುವೆ ಇರುವ ಮಾರುಕಟ್ಟೆ ಎರಡು ಬಗೆಯ ಬಡವರು ಭೇಟಿಯಾಗುವ ಸ್ಥಳ. ಒಬ್ಬನಿಗೆ ಒಂದು ರೂಪಾಯಿ ಹೆಚ್ಚು ಬೇಕು, ಇನ್ನೊಬ್ಬನಿಗೆ ಒಂದು ರೂಪಾಯಿ ಕಡಿಮೆ ಬೇಕು. ಇಬ್ಬರೂ ಬದುಕಬೇಕು.

ಇಬ್ಬರಿಗೂ ಕಾಯಲು ಸಮಯವಿಲ್ಲ. ಹುಳು ಗೂಡು ಕಟ್ಟಿದ ಐದಾರು ದಿನಕ್ಕೆ ರೈತ ಗೂಡು ಬಿಡಿಸುತ್ತಾನೆ. ಇನ್ನು ಕೆಲವೇ ದಿನ ಬಿಟ್ಟರೆ ಒಳಗಿನ ಪತಂಗ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆ ಗೂಡಿನಿಂದ ಉದ್ದನೆಯ ಎಳೆ ತೆಗೆಯಲಾಗದು. ಬೆಲೆ ಇಲ್ಲವೆಂದು ಮನೆಗೆ ಒಯ್ಯುವ ಸ್ವಾತಂತ್ರ್ಯ ರೈತನಿಗೆ ಹೆಚ್ಚಿಲ್ಲ. ಈ ಅಸಹಾಯಕತೆಯನ್ನು ದಲ್ಲಾಳಿಗಳು ಬಳಸಿಕೊಳ್ಳದಂತೆ ತಡೆಯಲೆಂದೇ 1959ರ ಕಾಯ್ದೆ ಬಂತು. ಗೂಡಿನ ಮಾರಾಟ ಲೈಸೆನ್ಸ್ ಇರುವವರ ನಡುವೆ, ಸರ್ಕಾರಿ ಮಾರುಕಟ್ಟೆಯಲ್ಲೇ ನಡೆಯಬೇಕೆಂಬ ವ್ಯವಸ್ಥೆ ಬೆಳೆಯಿತು. ರೈತನ ಗೂಡಿಗೆ ಲಾಟ್ ಸಂಖ್ಯೆ, ತೊಟ್ಟಿಯಲ್ಲಿ ಗೂಡು ಹರಡಿಕೆ, ರೀಲರುಗಳ ಪರೀಕ್ಷೆ, ಸಿಬ್ಬಂದಿಯ ಮುಂದೆ ಬಹಿರಂಗ ಕೂಗು, ಆಮೇಲೆ ತೂಕ ಎಂಬ ಕ್ರಮ ರೂಢಿಗೆ ಬಂತು. ರಾಮನಗರದ ಮಾರುಕಟ್ಟೆ ಏಷ್ಯಾದ ಅತಿ ದೊಡ್ಡ ಗೂಡಿನ ಮಾರುಕಟ್ಟೆಯೆಂದು ಹೆಸರಾಯಿತು. ಅದರ ನಂತರದ ಹೆಸರು ಶಿಡ್ಲಘಟ್ಟದ್ದು.

2010ರ ದಶಕದಲ್ಲಿ ಈ ಮಾರುಕಟ್ಟೆಗಳಿಗೆ ಇ-ಹರಾಜು ಬಂತು. ಕೂಗುವ ಬದಲು ರೀಲರು ಲಾಟ್ ಸಂಖ್ಯೆಗೆ ತನ್ನ ಬೆಲೆ ನಮೂದಿಸುತ್ತಾನೆ. ಹೆಚ್ಚಿನ ಬೆಲೆ ಪರದೆಯ ಮೇಲೆ ಬರುತ್ತದೆ. ಒಪ್ಪುವುದು ಬಿಡುವುದು ರೈತನಿಗೆ ಬಿಟ್ಟದ್ದು. ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ. ಮುಂದಿನ ವರ್ಷಗಳಲ್ಲಿ ಹಣವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಕ್ರಮವೂ ಸೇರಿಕೊಂಡಿತು.

ಆರಂಭದಲ್ಲಿ ರೀಲರುಗಳಿಂದ ಆಕ್ಷೇಪಗಳು ಬಂದವು. ಅದನ್ನು ‘ಓದಿಲ್ಲದವರ ಹಠ’ವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರ ಕಷ್ಟವನ್ನು ಲೆಕ್ಕ ಹಾಕಿ ನೋಡಿ. ಒಂದು ಕಿಲೋ ನೂಲಿಗೆ ಸುಮಾರು ಆರರಿಂದ ಎಂಟು ಕಿಲೋ ಗೂಡು ಬೇಕು. ಗೂಡಿನ ಹಣ ಇಂದೇ ಕಟ್ಟಬೇಕು. ನೂಲು ಮಾರಿದ ಹಣ ಬರುವುದು ತಡವಾಗಿ. ನಡುವಿನ ದಿನಗಳಿಗೆ ಸೌದೆ, ಕೂಲಿ, ಕರೆಂಟು. ಹಿಂದೆ ಪರಿಚಯದ ಮೇಲೆ ‘ನಾಳೆ ಕೊಡುತ್ತೇನೆ’ ಎಂಬ ಮಾತಿಗೆ ಬೆಲೆಯಿತ್ತು. ಕಂಪ್ಯೂಟರಿಗೆ ನಾಳೆ ಎಂಬುದಿಲ್ಲ. ದೊಡ್ಡ ಬಂಡವಾಳದವನಿಗೆ ಇದು ತೊಂದರೆಯಲ್ಲ. ಎರಡು ಚರಕದವನಿಗೆ ಇದೇ ಉಸಿರುಗಟ್ಟಿಸುವ ಸಂಗತಿ. ಇದರ ಜೊತೆಗೆ ಕೈಬೆರಳಿನ ಅನುಭವದ ಪ್ರಶ್ನೆ. ಗೂಡನ್ನು ಅಮುಕಿ, ಅಲುಗಿಸಿ ಎಷ್ಟು ನೂಲು ಬಿಡುತ್ತದೆಂದು ಹೇಳುವ ಜಾಣ್ಮೆ ತಲೆಮಾರುಗಳಿಂದ ಬಂದದ್ದು. ಅದನ್ನು ಪರದೆ ತೋರಿಸಲಾರದು.

ಹಾಗಿದ್ದರೂ ಇ-ಹರಾಜು ನಿಂತಿತು. ಏಕೆಂದರೆ ಅದು ಮಾರುಕಟ್ಟೆಯ ಅಂಗಳವನ್ನು ಬಿಡಿಸಲಿಲ್ಲ. ಗೂಡು ಇಂದಿಗೂ ತೊಟ್ಟಿಯಲ್ಲೇ ಇದೆ, ರೀಲರು ಕೈಯಿಂದ ಮುಟ್ಟಿಯೇ ನೋಡುತ್ತಾನೆ. ಬದಲಾದದ್ದು ಬೆಲೆ ಹೇಳುವ ರೀತಿ ಮತ್ತು ಲೆಕ್ಕ ಬರೆಯುವ ರೀತಿ. ಕೂಗಿನಲ್ಲಿ ಒಬ್ಬರ ಮುಖ ನೋಡಿ ಇನ್ನೊಬ್ಬರು ಹಿಂದೆ ಸರಿಯುವುದಿತ್ತು, ಪರದೆಯಲ್ಲಿ ಮುಖದಾಕ್ಷಿಣ್ಯವಿಲ್ಲ. ಇದರಿಂದ ರೈತನಿಗೆ ಅನುಕೂಲವಾಯಿತು. ಸಣ್ಣ ರೀಲರನ ದುಡಿಯುವ ಬಂಡವಾಳದ ಕೊರತೆ ಮಾತ್ರ ಯಂತ್ರದಿಂದ ತೀರಲಿಲ್ಲ. ಅದು ಬ್ಯಾಂಕು, ಸಹಕಾರ ಸಂಘ, ಸರ್ಕಾರ ಮತ್ತು ಸಮಾಜ ಸೇರಿ ತೀರಿಸಬೇಕಾದ ಬಾಕಿ.

ಹೊರದೇಶಗಳ ಅನುಭವ

ಇದು ನಮ್ಮೊಬ್ಬರ ಕಥೆಯಲ್ಲ. ಚೀನಾದಲ್ಲಿ 1999ರಲ್ಲಿ ಹಾಂಗ್‌ಝೌ ನಗರದಲ್ಲಿ ಆರಂಭವಾದ ಅಲಿಬಾಬಾ ಕಂಪನಿಗೂ ಅಪನಂಬಿಕೆಯೇ ಅಡ್ಡಿಯಾಗಿತ್ತು. 2004ರಲ್ಲಿ ಅದು ‘ಅಲಿಪೇ’ ತಂದು, ಗಿರಾಕಿಯ ಹಣವನ್ನು ತಾನು ಹಿಡಿದಿಟ್ಟುಕೊಂಡು, ಸರಕು ಸೇರಿದ ಮೇಲೆ ಅಂಗಡಿಯವನಿಗೆ ಬಿಡುಗಡೆ ಮಾಡುವ ಕ್ರಮ ಮಾಡಿತು. ಕೀನ್ಯಾದಲ್ಲಿ ಬಹುತೇಕರಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. 2007ರಲ್ಲಿ ಬಂದ ‘ಎಂ-ಪೆಸಾ’ ಸಾಧಾರಣ ಮೊಬೈಲಿನಲ್ಲೇ ಹಣ ಕಳಿಸುವ ದಾರಿ ತೆರೆಯಿತು. ನಗದು ಕೊಡುವ ತೆಗೆದುಕೊಳ್ಳುವ ಕೆಲಸ ಮೂಲೆಯ ಅಂಗಡಿಯವನಿಗೆ ಬಂತು. ಬಾಂಗ್ಲಾದೇಶದಲ್ಲಿ 2011ರಲ್ಲಿ ‘ಬಿಕಾಶ್’ ಅದೇ ದಾರಿ ಹಿಡಿಯಿತು. ಒಂದು ದೇಶದಲ್ಲಿ ಮಧ್ಯವರ್ತಿ ಕಂಪನಿ, ಇನ್ನೊಂದರಲ್ಲಿ ಕಿರಾಣಿ ಅಂಗಡಿ, ನಮ್ಮಲ್ಲಿ ಮಾರುಕಟ್ಟೆಯ ಅಂಗಳ ಮತ್ತು ಪೋಸ್ಟ್‌ಮ್ಯಾನ್ ಕಲಿಸಿದ ರೂಢಿ. ಪ್ರತಿ ದೇಶವೂ ತನ್ನಲ್ಲಿ ಮೊದಲೇ ಇದ್ದ ನಂಬಿಕೆಯ ಗಂಟನ್ನೇ ಬಳಸಿಕೊಂಡಿದೆ.

ಗಾಡಿಯ ಮೇಲಿನ ಚೌಕಾಕಾರದ ಚಿತ್ರ

ನಮ್ಮ ಬ್ಯಾಂಕುಗಳ ನಡುವೆ ಹಣ ವರ್ಗಾಯಿಸುವ ಆರ್.ಟಿ.ಜಿ.ಎಸ್. 2004ರಲ್ಲೂ, ಎನ್.ಇ.ಎಫ್.ಟಿ. 2005ರಲ್ಲೂ ಬಂದವು. ಅವು ಕಚೇರಿ ವೇಳೆಯ, ದೊಡ್ಡವರ ಸಾಧನಗಳಾಗಿದ್ದವು. 2014ರ ಜನಧನ್ ಯೋಜನೆಯಿಂದ ಕೋಟ್ಯಂತರ ಜನರಿಗೆ ಖಾತೆಗಳಾದವು. 2016ರ ಏಪ್ರಿಲ್‌ನಲ್ಲಿ ಯು.ಪಿ.ಐ. ಬಂತು. ಅದೇ ವರ್ಷದ ನವೆಂಬರ್ 8ರ ನೋಟು ರದ್ದತಿ ನಗದನ್ನೇ ನಂಬಿದ್ದ ಮಾರುಕಟ್ಟೆಗಳನ್ನು ಅಲುಗಾಡಿಸಿತು. ಕಷ್ಟಕ್ಕೆ ಸಿಕ್ಕಿ ಕಲಿತವರೂ ಇದ್ದಾರೆ, ಕಷ್ಟದಲ್ಲಿ ಅಂಗಡಿ ಮುಚ್ಚಿದವರೂ ಇದ್ದಾರೆ. 2020ರ ಜನವರಿಯಿಂದ ಯು.ಪಿ.ಐ. ಪಾವತಿಗೆ ವರ್ತಕರಿಂದ ಶುಲ್ಕ ತೆಗೆಯುವುದು ನಿಂತಿತು. ಅದೇ ಸುಮಾರಿಗೆ ಬಂದ ಸೌಂಡ್‌ಬಾಕ್ಸ್ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲೇ ಕೂಗಿ ಹೇಳತೊಡಗಿತು. ಓದು ಬಾರದ ವ್ಯಾಪಾರಿಗೆ ಈ ದನಿ ರಸೀದಿಗಿಂತ ಹೆಚ್ಚು. ಭಾಷೆ ಎಂಬುದು ಇ-ವಾಣಿಜ್ಯದ ಎಷ್ಟು ದೊಡ್ಡ ಅಂಶವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ 2025ರ ಜುಲೈನಲ್ಲಿ ಬೆಂಗಳೂರಿನ ಅನೇಕ ಬೇಕರಿ, ಟೀ ಅಂಗಡಿ, ತರಕಾರಿ ವ್ಯಾಪಾರಿಗಳ ಅಂಗಡಿಗಳಲ್ಲಿ ‘ಯು.ಪಿ.ಐ. ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯು.ಪಿ.ಐ. ವಹಿವಾಟಿನ ಮೊತ್ತವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ಜಿ.ಎಸ್.ಟಿ. ನೋಟೀಸು ಕಳಿಸಿತ್ತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಒದಗಿಸುವವರದ್ದು 20 ಲಕ್ಷ ಮೀರಿದರೆ ನೋಂದಣಿ ಕಡ್ಡಾಯ. ಬಿಡಿ ಹಾಲು, ತಾಜಾ ತರಕಾರಿ ಮುಂತಾದ ತೆರಿಗೆ ಇಲ್ಲದ ಸರಕು ಮಾರುವವರಿಗೂ ನೋಟೀಸು ಹೋಗಿತ್ತು. ಗದ್ದಲದ ನಂತರ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ವಿನಾಯಿತಿ ಇರುವ ಸರಕಿಗೆ ತೆರಿಗೆ ಬಾಕಿ ವಸೂಲಿ ಮಾಡುವುದಿಲ್ಲವೆಂದೂ, ಮಿತಿ ಮೀರಿದವರು ನೋಂದಾಯಿಸಿಕೊಳ್ಳಬೇಕೆಂದೂ ಹೇಳಿದರು.

ಈ ಘಟನೆಯಲ್ಲಿ ನಮ್ಮ ವಿಷಯದ ಸಾರವೇ ಇದೆ. ವಲ್ಲಿಯ ಕೆಳಗಿನ ಕೈಸನ್ನೆ ಗುರುತು ಬಿಡುತ್ತಿರಲಿಲ್ಲ; ಮೊಬೈಲ್ ಪಾವತಿ ಬಿಡುತ್ತದೆ. ಆ ಗುರುತು ಸಾಲ ಕೇಳಲು ಹೋದಾಗ ಬ್ಯಾಂಕಿನಲ್ಲಿ ನಮ್ಮ ಪರ ಸಾಕ್ಷಿ ಹೇಳಬಲ್ಲದು; ಲೆಕ್ಕ ಇಡದವನಿಗೆ ಭಯವನ್ನೂ ತರಬಲ್ಲದು. ಖಾತೆಗೆ ಬಂದ ಹಣವೆಲ್ಲ ವ್ಯಾಪಾರದ್ದಲ್ಲ, ಅದರಲ್ಲಿ ಅಣ್ಣ ಕಳಿಸಿದ ಕೈಸಾಲವೂ ಇರಬಹುದು. ಅದನ್ನು ತೋರಿಸಿಕೊಡಬೇಕಾದರೆ ಪುಸ್ತಕದಲ್ಲಿ ಬರೆದಿರಬೇಕು.

ಒಟ್ಟಾರೆ ಹೇಳುವುದಾದರೆ

ಐದು ಅಂಶಗಳನ್ನು ಈ ಚರಿತ್ರೆಯಿಂದ ಹೆಕ್ಕಬಹುದು. ಮೊದಲನೆಯದು, ಸರಕಿನ ಗುಣಮಟ್ಟವನ್ನು ಅಳೆದು ಹೇಳುವ ನಂಬಿಕೆಯ ವ್ಯವಸ್ಥೆ. ಎರಡನೆಯದು, ಹಣ ಖಂಡಿತ ಕೈಸೇರುತ್ತದೆಂಬ ಭರವಸೆ. ಮೂರನೆಯದು, ಹಳೆಯ ರೂಢಿಯನ್ನು ಪೂರ್ತಿ ಕಿತ್ತುಹಾಕದೆ ಅದರ ಮೇಲೆ ಕಟ್ಟುವ ವಿವೇಕ. ನಾಲ್ಕನೆಯದು, ಜನರ ಭಾಷೆ. ಐದನೆಯದು, ಸಣ್ಣವನ ಕೈಯಲ್ಲಿ ದುಡಿಯುವ ಬಂಡವಾಳ ಮತ್ತು ಲೆಕ್ಕದ ತಿಳಿವಳಿಕೆ. ವಿದ್ಯುತ್ತು, ಜಾಲ, ಕಾನೂನುಗಳು ಬೇಕೇ ಬೇಕು. ಈ ಐದು ಇಲ್ಲದೆ ಅವು ಮಾತ್ರ ಸಾಲವು ಎಂಬುದಕ್ಕೆ 1999ರ ಬೆಂಗಳೂರೇ ಸಾಕ್ಷಿ.

ವಿದ್ಯಾರ್ಥಿ ಮಿತ್ರರೇ, ಇವುಗಳಲ್ಲಿ ಕೊನೆಯ ಅಂಶ ನಿಮ್ಮ ಕೈಯಲ್ಲೇ ಇದೆ. ನಿಮ್ಮಲ್ಲಿ ಅನೇಕರ ತಂದೆಯವರೋ ಚಿಕ್ಕಪ್ಪಂದಿರೋ ಅಂಗಡಿ, ಗಾಡಿ, ಗ್ಯಾರೇಜು, ಚರಕ ನಡೆಸುತ್ತಿರಬಹುದು. ಕಾಲೇಜಿನಲ್ಲಿ ಕಲಿತ ಜಮಾ-ಖರ್ಚಿನ ವಿದ್ಯೆಯನ್ನು ಪರೀಕ್ಷೆಯ ಹಾಳೆಗೆ ಮಾತ್ರ ಮೀಸಲಿಡಬೇಡಿ. ರಾತ್ರಿ ಅರ್ಧ ಗಂಟೆ ಕುಳಿತು ಮನೆಯ ವ್ಯಾಪಾರದ ಲೆಕ್ಕ ಬರೆಯಿರಿ. ವ್ಯಾಪಾರಕ್ಕೆ ಬೇರೆ ಖಾತೆ ತೆರೆಸಿ. ಬಂದ ನೋಟೀಸನ್ನು ಮೂಲೆಗೆ ಎಸೆಯದೆ ಓದಿ ಹೇಳಿ. ರೀಲಿಂಗ್ ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಕೂಲಿ ಅವರದೇ ಹೆಸರಿನ ಖಾತೆಗೆ ಹೋಗುವಂತೆ ನೋಡಿಕೊಳ್ಳಿ. ಅದನ್ನು ನಡೆಸಲು ಅವರಿಗೆ ಕಲಿಸಿ. ಸದಸ್ಯ ಬಾಂಧವರು ವರ್ಷಕ್ಕೊಮ್ಮೆ ಒಂದು ಭಾನುವಾರ ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಮತ್ತು ತೆರಿಗೆಯ ತಿಳಿವಳಿಕೆ ಶಿಬಿರ ನಡೆಸಿದರೆ ಅದಕ್ಕೆ ತಗಲುವ ಖರ್ಚು ಅಲ್ಪ, ಆಗುವ ಉಪಕಾರ ದೊಡ್ಡದು.

ಹಿಂದೆ ಬೆಲೆ ತಿಳಿಯದವನು ಸಂತೆಯಲ್ಲಿ ಮೋಸ ಹೋಗುತ್ತಿದ್ದ. ಇಂದು ಬೆಲೆ ಎಲ್ಲರ ಅಂಗೈಯಲ್ಲಿದೆ. ಲೆಕ್ಕ ತಿಳಿಯದವನು ಮಾತ್ರ ಇಂದೂ ಮೋಸ ಹೋಗುತ್ತಾನೆ.